ಕುಡಿಯದ ಬಾಲಪ್ಪ ಕುಡಿತ ಬಿಟ್ಟದ್ದು

ದಾನ ಮಾಡುವವರಿಗೆ ಬರೀ ಬಡತನ ರುಚಿಸುವುದಿಲ್ಲ, ಅದಕ್ಕೊಂದು ಒಗ್ಗರಣೆಯೂ ಬೇಕು. ಕಾಪುವಿನ ಸುಕೇಶಣ್ಣ ತೀರಿಹೋದ ತನ್ನ ತಂದೆಯ ಹೆಸರಿನಲ್ಲಿ ವಿದ್ಯಾರ್ಥಿವೇತನದ ಫೌಂಡೇಶನ್ ನಡೆಸುತ್ತಾನೆ. ಅಲ್ಲಿ ಒಗ್ಗರಣೆ ಹಾಕುವವನು ಕಾರ್ಯದರ್ಶಿ ಶೇಖರ.

ಕುಕ್ಕುಂದೂರಿನಲ್ಲಿ ನಮ್ಮ ಮನೆಯ ಹಿಂದಿನ ಬಿಡಾರದಲ್ಲಿ ಬಾಗಲಕೋಟೆ ಕಡೆಯ ಬಾಲಪ್ಪ ಬಾಡಿಗೆಗಿದ್ದಾನೆ. ಗಾರೆ ಕೆಲಸ. ಹೆಂಡತಿ ತೀರಿಹೋದ ಮೇಲೆ ಮಗಳು ಅನ್ನಪೂರ್ಣಳನ್ನು ಒಬ್ಬನೇ ಸಾಕಿದ. ಚಾ ಬಿಟ್ಟು ಬೇರೇನನ್ನೂ ಅವನು ಕುಡಿದದ್ದನ್ನು ನಾನು ಕಂಡಿಲ್ಲ. ಮಗಳಿಗೆ ನಿಟ್ಟೆಯಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಫೌಂಡೇಶನ್ ಫೀಸು ಕೊಡದಿದ್ದರೆ ಸೀಟು ಹೋದಂತೆಯೇ.

ಕೊಡುತ್ತೇವೆ ಎಂದರು. ಚೆಕ್ ತರಲು ಅಪ್ಪ ಮಗಳು ಹೊರಟಾಗ ನಾನೂ ಜೊತೆಗೆ ಹೊರಟೆ. ಕಡಿಯಾಳಿಯ ಸಭಾಂಗಣದಲ್ಲಿ ಸಮಾರಂಭ ಶುರುವಾಗುವ ಮೊದಲು ಶೇಖರ ನಮ್ಮನ್ನು ಮೂಲೆಗೆ ಕರೆದ.

"ನೋಡು ಮಗಾ, ಮಕ್ಕಳ ಪರವಾಗಿ ನೀನೇ ಮಾತಾಡಬೇಕು. ಅಪ್ಪ ಗಾರೆ ಕೆಲಸ ಅಂದರೆ ಯಾರಿಗೂ ಎಂತ ಸಹ ಆಗುವುದಿಲ್ಲ. ಅಪ್ಪ ಕುಡಿದು ಬಂದು ಪುಸ್ತಕ ಹರಿಯುತ್ತಿದ್ದರು ಅಂತ ಹೇಳು. ಹೋದ ವರ್ಷದ ಹುಡುಗಿ ಹಾಗೆ ಹೇಳಿದ್ದಕ್ಕೆ ದುಬೈಯಿಂದ ಬಂದ ದಾನಿಗಳೆಲ್ಲ ಅತ್ತಿದ್ದಾರೆ."

"ನಿನಗೆ ನಾಚಿಕೆ ಉಂಟಾ ಮಾರಾಯ?" ಎಂದೆ.

"ಕುಶಲಕ್ಕ, ಚೆಕ್ ಇನ್ನೂ ಕೊಟ್ಟಾಗಲಿಲ್ಲ ಅಲ್ವಾ?" ಎಂದು ಹಲ್ಲು ಕಿರಿದ.

"ನಾ ಹೇಳಂಗಿಲ್ಲ," ಎಂದಳು ಅನ್ನಪೂರ್ಣ.

ಬಾಲಪ್ಪ ಅವಳ ಭುಜ ಮುಟ್ಟಿದ. "ಹೇಳವಾ. ಬರೇ ಮಾತೈತಿ. ಮಾತಿಗೆ ನಾ ಏನ್ ಸಾಯ್ತೇನು?"

ನೆಲ ನೋಡುತ್ತಾ ಹೇಳಿದಳು. ಎಸಿಯ ತಂಪಿನಲ್ಲಿ ಕುಳಿತವರಿಗೆ ಅಳುವುದೆಂದರೆ ಎಂಥ ಸುಖ! ಕಣ್ಣೊರೆಸಿ, ಒಬ್ಬರ ಮುಖ ಒಬ್ಬರು ನೋಡಿ, ಮತ್ತೆ ಒರೆಸಿಕೊಂಡರು. ಸುಕೇಶಣ್ಣನಿಗಂತೂ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಮೈಕ್ ಹಿಡಿದ.

"ಆ ತಂದೆ ಬಂದಿದ್ದಾರಾ? ಮೇಲೆ ಬರಲಿ."

ಇದು ಶೇಖರನ ಅಡುಗೆಯಲ್ಲೂ ಇರಲಿಲ್ಲ. ಇಸ್ತ್ರಿ ಹಾಕಿದ ಅಂಗಿ ತೊಟ್ಟ ಬಾಲಪ್ಪ ಚಪ್ಪಲಿ ಕೆಳಗೇ ಬಿಟ್ಟು ವೇದಿಕೆ ಹತ್ತಿದ.

"ಮಗಳ ತಲೆಯ ಮೇಲೆ ಕೈ ಇಡಿ. ಇಷ್ಟು ದಿನ ಕುಡಿದು ತಪ್ಪು ಮಾಡಿದೆ, ಇನ್ನು ಮುಟ್ಟುವುದಿಲ್ಲ ಅಂತ ಆಣೆ ಮಾಡಿ."

ಎಲ್ಲರ ಮೊಬೈಲುಗಳೂ ಮೇಲೆದ್ದವು. ತನ್ನ ಅಪ್ಪನ ಹೆಸರು ಉಳಿಸಲು ಇನ್ನೊಬ್ಬಳ ಅಪ್ಪನ ಹೆಸರು ಕೆಡಿಸುವ ಈ ಮಹಾಪುರುಷನನ್ನು ನಾಲ್ಕು ಮಾತು ಕೇಳೋಣವೆಂದು ಎದ್ದೆ. ಬಾಲಪ್ಪ ಬೇಡವೆಂಬಂತೆ ನನ್ನ ಕಡೆ ನೋಡಿದ. ಕುಳಿತೆ.

ಅವನು ಮಗಳ ತಲೆಯ ಮೇಲೆ ಕೈ ಇಟ್ಟ. ಅವಳು ಬಿಕ್ಕುತ್ತಿದ್ದಳು. ಮಾತಾಡಲು ಹೋದವನು ನಿಂತ. ಮೆಲ್ಲನೆ ಕೈ ತೆಗೆದು ತನ್ನ ತಲೆಯ ಮೇಲೆ ಇಟ್ಟುಕೊಂಡ.

"ಇಷ್ಟ ದಿನ ಕುಡದು ತಪ್ಪ ಮಾಡೇನ್ರಿ. ಇನ್ನ ಮುಟ್ಟೂದಿಲ್ರಿ."

ಚಪ್ಪಾಳೆಯೋ ಚಪ್ಪಾಳೆ. ಸುಕೇಶಣ್ಣ ಶಾಲು ಹೊದಿಸಿದ, ಅನ್ನಪೂರ್ಣಳ ಕೈಗೆ ಚೆಕ್ ಕೊಟ್ಟ. "ಯಾರ ತಲೆ ಅಂತಲೂ ಗೊತ್ತಾಗಲಿಲ್ಲ ನೋಡಿ, ಬೆಳಿಗ್ಗೆಯೇ ಹಾಕಿದ್ದಾನೆ," ಎಂದಳು ನನ್ನ ಹಿಂದೆ ಕುಳಿತ ಒಬ್ಬಳು ಪುಣ್ಯಾತ್ಗಿತ್ತಿ.

ಕಾರ್ಕಳದ ಬಸ್ಸು ಹತ್ತಿದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ. "ಹೇಳುವುದು ನೀನು ಹೇಳಿಯೇ ಬಿಟ್ಟೆ. ಮತ್ತೆ ಕೈ ಯಾಕೆ ತೆಗೆದದ್ದು? ಅದಕ್ಕೂ ಆಡಿಕೊಂಡರಲ್ಲ."

ಮಗಳು ಕಿಟಕಿಗೆ ಒರಗಿ ಕಣ್ಣು ಮುಚ್ಚಿದ್ದಳು. ಬಾಲಪ್ಪ ದನಿ ತಗ್ಗಿಸಿದ.

"ಸುಳ್ಳ ಆಣಿ ಐತೆಲ್ರಿ ಅಕ್ಕಾರ. ತಟ್ಟಿದ್ರ ನನಗ ತಟ್ಟಲಿ."