ಬೋರಿಂಗಿನ ಕಾರ್ಡು

ಬೈರಕೂರಿನಿಂದ ಎರಡು ಮೈಲಿ ದೂರದ ಆ ಊರಿಗೆ ಇದ್ದದ್ದು ಒಂದೇ ಸೇದುವ ಬಾವಿ. ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಅದರ ಹೂಳು ತೆಗೆಯಲು ಹಗ್ಗ ಹಿಡಿದು ಮೊದಲು ಇಳಿಯುವವನು ಅಶ್ವತ್ಥಪ್ಪ. ಅವನನ್ನು ಯಾರೂ ನೇಮಿಸಿರಲಿಲ್ಲ, ಕೂಲಿಯೂ ಇರಲಿಲ್ಲ. ಬೀದಿಯಲ್ಲಿ ನಿಂತು ಅವನು ಕೂಗಿದರೆ ಮನೆಗೊಬ್ಬರು ಬರುತ್ತಿದ್ದರು. ಬಾವಿಯೊಳಗಿಂದ 'ಎಳೀರಿ' ಎಂದರೆ ಎಳೆಯುತ್ತಿದ್ದರು, 'ನಿಲ್ಸಿ' ಎಂದರೆ ನಿಲ್ಲಿಸುತ್ತಿದ್ದರು. ಮದುವೆ ಚಪ್ಪರಕ್ಕೆ ಗಳ ನೆಡುವುದಕ್ಕೂ, ಶಾಲೆಯ ಹೆಂಚು ಹಾರಿದರೆ ಮೇಲೆ ಹತ್ತುವುದಕ್ಕೂ ಅವನೇ. 'ಅಶ್ವತ್ಥಣ್ಣನ್ನ ಕರೀರಿ' ಎಂಬ ಮಾತು ಕಿವಿಗೆ ಬೀಳದ ದಿನ ಅವನಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಎಪ್ಪತ್ತೊಂಬತ್ತರಲ್ಲಿ ಲಾರಿ ಬಂದು, ಎರಡು ದಿನ ನೆಲ ಕೊರೆದು, ಕೈಯಲ್ಲಿ ಒತ್ತುವ ಬೋರಿಂಗ್ ಹಾಕಿತು. ಅದನ್ನು ನೋಡಿಕೊಳ್ಳಲು ಊರಿನವರೇ ಒಬ್ಬರು ಬೇಕು, ಸಂಬಳ ಇರುವುದಿಲ್ಲ ಎಂದು ಇಂಜಿನಿಯರ್ ಹೇಳಿದ. ಎಲ್ಲರೂ ಅಶ್ವತ್ಥಪ್ಪನ ಕಡೆ ನೋಡಿದರು. ಅವನು ಆಗಲೇ ಹೆಗಲ ಮೇಲಿನ ಟವಲು ಸರಿಮಾಡಿಕೊಂಡಿದ್ದ.

"ಓದು ಬರಹ ಬರುತ್ತೇನ್ರೀ?" ಎಂದ ಇಂಜಿನಿಯರ್.

"ರುಜು ಹಾಕ್ತೀನಿ ಸಾರ್."

"ರುಜು ಸಾಲಲ್ಲ. ಪಂಪು ಕೆಟ್ಟರೆ ನಮಗೆ ಕಾರ್ಡು ಬರೀಬೇಕು."

ಕದಿರಪ್ಪನ ಹೆಂಡತಿ ಗಂಗರತ್ನಮ್ಮ ಏಳನೇ ಕ್ಲಾಸು ಓದಿದವಳು. ಬೋರಿಂಗ್ ಬಿದ್ದದ್ದೂ ಅವಳ ಮನೆಯೆದುರಿಗೆ. ಕೆಲಸ ಅವಳಿಗೆ ಹೋಯಿತು. ಮುಳಬಾಗಿಲಿಗೆ ಹೋಗಿ ಎರಡು ದಿನ ಕಲಿತು, ಎರಡು ಸ್ಪ್ಯಾನರು, ಒಂದು ಡಬ್ಬಿ ಗ್ರೀಸು, ವಿಳಾಸ ಅಚ್ಚಾಗಿದ್ದ ಹನ್ನೆರಡು ಕಾರ್ಡು ತಂದಳು.

ಶುಕ್ರವಾರ ಬಂತೆಂದರೆ ಅವಳು ಸೆರಗು ಸಿಕ್ಕಿಸಿ, ಪಂಪಿನ ಮುಚ್ಚಳ ಬಿಚ್ಚಿ, ಚೈನಿಗೆ ಗ್ರೀಸು ಹಚ್ಚುವಳು. ಅದನ್ನು ನೋಡಲು ಜನ ನಿಲ್ಲುವರು. ಅಶ್ವತ್ಥಪ್ಪ ಮಾತ್ರ ಆ ಹೊತ್ತಿಗೆ ಹಿತ್ತಲಿನಲ್ಲಿ ಕೆಲಸ ಹುಡುಕಿಕೊಳ್ಳುವನು. ಕಟ್ಟೆಯ ಮೇಲೆ ಪಾತ್ರೆ ತಿಕ್ಕಬಾರದು, ಎಮ್ಮೆ ತೊಳೆಯಬಾರದು ಎಂದು ಅವಳು ಕಟ್ಟುಮಾಡಿದಳು. ಒಂದು ದಿನ ಅವನ ಹೆಂಡತಿ ದೊಡ್ಡಗಂಗಮ್ಮನನ್ನೇ ಪಾತ್ರೆಯ ಸಮೇತ ವಾಪಸು ಕಳಿಸಿದಳು.

"ಅವಳ ಕೈಲಿ ನೀನೂ ಬೈಸ್ಕೊಂಡ್ ಬಂದ್ಯಾ?" ಅಶ್ವತ್ಥಪ್ಪ ರೇಗಿದ.

"ಬೈಲಿಲ್ಲ, ಹೇಳಿದ್ಲು. ಸರಿಯಾಗೇ ಹೇಳಿದ್ಲು. ಕಟ್ಟೆ ಹೆಂಗಿಟ್ಟವಳೆ ಹೋಗಿ ನೋಡು. ನಿನ್ನ ಬಾವಿ ಹತ್ರ ಮೊಣಕಾಲುದ್ದ ರೊಚ್ಚೆ ಇರ್ತಿತ್ತು."

ಅದು ಊರ ಬಾವಿ. ಬೋರಿಂಗ್ ಬಂದ ಮೇಲೆ 'ನಿನ್ನ ಬಾವಿ' ಆಯಿತು. ಮುಂದಿನ ಯುಗಾದಿ ಕಳೆದಾಗ ಅವನು ಬೀದಿಯಲ್ಲಿ ಕೂಗಿದರೆ ಬಂದವರು ಇಬ್ಬರೇ. ಪಕ್ಕದ ಮನೆಯ ಗಂಗುಲಪ್ಪ ಬಾಗಿಲಲ್ಲೇ ನಿಂತು, "ಯಾಕಣ್ಣಾ ಸುಮ್ನೆ ಮೈ ನೋಯಿಸ್ಕೊಳ್ತೀಯ, ಬೋರಿಂಗ್ ಇಲ್ವಾ?" ಎಂದ. ಹಗ್ಗ ಮತ್ತೆ ಅಟ್ಟ ಸೇರಿತು.

ಆ ಬೇಸಿಗೆ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಬೋರಿಂಗಿನ ಹಿಡಿ ಹಗುರಾಗಿ ಆಡತೊಡಗಿತು, ನೀರು ಬರಲಿಲ್ಲ. ಗಂಗರತ್ನಮ್ಮ ಬಿಚ್ಚಿ ನೋಡಿ, "ಒಳಗೆ ರಾಡು ಕಳಚಿದೆ. ನನ್ನ ಕೈಲಾಗೋದಲ್ಲ" ಎಂದಳು. ಆಗಲೇ ಕಾರ್ಡು ಬರೆದು, ಹೊರಟು ನಿಂತಿದ್ದ ಅಶ್ವತ್ಥಪ್ಪನ ಬಾಗಿಲಿಗೆ ಬಂದಳು.

"ಅಣ್ಣಾ, ಬೈರಕೂರಿಗಾ? ಇದನ್ನ ಅಲ್ಲಿ ಡಬ್ಬಕ್ಕೆ ಹಾಕ್ಬಿಡು. ಮೂರು ದಿನಕ್ಕೆ ಬರ್ತಾರೆ."

ದೊಡ್ಡಗಂಗಮ್ಮ ಹೊಸಿಲು ಗುಡಿಸುತ್ತಾ ನೋಡುತ್ತಿದ್ದಳು. ಅವನು ಕಾರ್ಡನ್ನು ಜೇಬಿಗಿಟ್ಟ.

ಪೋಸ್ಟ್ ಡಬ್ಬದ ಮುಂದೆ ಅವನು ನಿಂತದ್ದು ನಿಜ. ಕಾರ್ಡನ್ನು ಹೊರಗೆ ತೆಗೆದದ್ದೂ ನಿಜ. ಅವಳು ನಾಲ್ಕು ಗೆರೆ ಗೀಚಿದರೆ ಮುಳಬಾಗಿಲಿನಿಂದ ಜೀಪು ಬರುತ್ತದೆ, ಜನ ಅವಳನ್ನು ಇನ್ನಷ್ಟು ಹೊಗಳುತ್ತಾರೆ. ನಾಳೆ ಹಾಕಿದರಾಯಿತು ಎಂದು ಕಾರ್ಡನ್ನು ಮತ್ತೆ ಜೇಬಿಗಿಳಿಸಿದ. ಮನೆಗೆ ಬಂದು ಸೂರಿನ ಹೆಂಚಿನ ಸಂದಿಗೆ ಸಿಕ್ಕಿಸಿದ.

ಮೂರು ದಿನವಾಯಿತು, ಆರಾಯಿತು. "ಏನಮ್ಮಾ, ಕಾರ್ಡು ಬರೆದ್ಯೋ, ರಂಗೋಲಿ ಬಿಟ್ಯೋ?" ಎಂದು ಗಂಗುಲಪ್ಪ ಬೀದಿಯಲ್ಲೇ ಕೇಳಿದ. "ಬರೆದು ಕಳಿಸಿದೀನಿ" ಎಂದಳು ಗಂಗರತ್ನಮ್ಮ. ಯಾರ ಕೈಲಿ ಕಳಿಸಿದ್ದು ಎಂದು ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೂ ಅಶ್ವತ್ಥಪ್ಪ ಒಂದು ಉತ್ತರ ಸಿದ್ಧಮಾಡಿಕೊಂಡ: 'ಹಾಕಿದ್ದೆ. ಪೋಸ್ಟಿನವರು ಕಳೆದಿರ್ಬೇಕು.'

ಎಂಟನೇ ದಿನ ಗಂಗುಲಪ್ಪ ಅವನ ಬಾಗಿಲಿಗೇ ಬಂದ. "ಅಶ್ವತ್ಥಣ್ಣಾ, ಬಾವಿ ನೀರು ಹಸಿರು ತಿರುಗಿದೆ. ನೀನು ಇಳೀದೆ ಆಗಲ್ಲ."

ಅಟ್ಟದಿಂದ ಹಗ್ಗ ಇಳಿಯಿತು. ಮನೆಗೊಬ್ಬರು ಬಂದರು. ಸೊಂಟದವರೆಗಿನ ಕೆಸರಿನಲ್ಲಿ ನಿಂತು 'ಎಳೀರಿ' ಎಂದು ಕೂಗಿದಾಗ ಅವನ ದನಿ ಬಾವಿಯ ಸುತ್ತುಗೋಡೆಗೆ ಬಡಿದು ದೊಡ್ಡದಾಗಿ ಮೇಲೇರಿತು. ಒಂದು ವರ್ಷದಿಂದ ಇಷ್ಟು ಸುಖ ಅವನಿಗೆ ಸಿಕ್ಕಿರಲಿಲ್ಲ. ಆಮೇಲೆ ಕತ್ತೆತ್ತಿದ. ಮೇಲೆ ಹಗ್ಗ ಹಿಡಿದವರ ನಡುವೆ ಗಂಗರತ್ನಮ್ಮನೂ ಇದ್ದಳು. ಮನೆಯೊಳಗೆ ಮುಖ ಮುಚ್ಚಿ ಕೂತಿರುತ್ತಾಳೆ ಎಂದುಕೊಂಡಿದ್ದ. ಸಂಜೆಯವರೆಗೂ ಹೂಳಿನ ಮಂಕರಿ ಹೊತ್ತಳು. ಮನೆಗೆ ಹೋಗುವಾಗ ಜನ ಮಾತಾಡಿದ್ದು ಅದನ್ನೇ.

ಮಾರನೆಯ ದಿನ ಅವಳು ಇನ್ನೊಂದು ಕಾರ್ಡು ಬರೆದು, ತಾನೇ ಬೈರಕೂರಿಗೆ ನಡೆದು ಹಾಕಿ ಬಂದಳು. ಮೂರನೇ ದಿನಕ್ಕೆ ಜೀಪು ಬಂತು. ಬೋರಿಂಗಿನ ಸುತ್ತ ಊರೇ ನೆರೆಯಿತು. ಮೆಕ್ಯಾನಿಕ್ ಜೇಬಿನಿಂದ ಕಾರ್ಡು ತೆಗೆದು ಮೂಲೆಯಲ್ಲಿ ಬೆರಳಿಟ್ಟ.

"ಇದು ಎರಡನೇ ನಂಬರಿನ ಕಾರ್ಡು. ಒಂದನೇದು ಎಲ್ಲಮ್ಮಾ? ನಮಗೆ ಬಂದೇ ಇಲ್ವಲ್ಲ?"

ಕಾರ್ಡಿಗೆ ನಂಬರು ಹಾಕಬೇಕೆಂದು ಮುಳಬಾಗಿಲಿನಲ್ಲಿ ಕಲಿಸಿದ್ದರು. ಅಶ್ವತ್ಥಪ್ಪ ಅದನ್ನು ತಿರುಗಿಸಿಯೂ ನೋಡಿರಲಿಲ್ಲ. ಗಂಗರತ್ನಮ್ಮ ಅವನ ಕಡೆ ನೋಡಿದಳು. ದೊಡ್ಡಗಂಗಮ್ಮನೂ ನೋಡಿದಳು. ಅವನು ಸಿದ್ಧಮಾಡಿಕೊಂಡಿದ್ದ ಉತ್ತರಕ್ಕೆ ಬಾಯಿ ತೆರೆದ.

"ಅದಕ್ಕೆ ಶಾಯಿ ಚೆಲ್ಲೋಯ್ತು ಸಾರ್" ಎಂದಳು ಗಂಗರತ್ನಮ್ಮ. "ಹರಿದು ಹಾಕ್ದೆ. ಇನ್ನೊಂದು ಬರೆಯೋದು ತಡ ಆಯ್ತು."

"ಕಳಿಸಿದೀನಿ ಅಂದ್ಯಲ್ಲಮ್ಮಾ ನಮ್ಮ ಹತ್ರ!" ಗಂಗುಲಪ್ಪ ಕೈ ಬೀಸಿದ. "ಊರಿಗೆ ಊರೇ ಪಾಚಿ ನೀರು ಕುಡೀತು!" ಮೆಕ್ಯಾನಿಕ್ಕೂ ಬೈದ. ಇಂಥ ಬೇಜವಾಬ್ದಾರಿಗೆ ಬೋರಿಂಗ್ ಯಾಕೆ ಎಂದ. ಅವಳು ಎಲ್ಲವನ್ನೂ ಕೇಳಿಸಿಕೊಂಡು ಸ್ಪ್ಯಾನರು ಕೈಗೆತ್ತಿಕೊಂಡಳು.

ಅವಳು ಬೈದಿದ್ದರೆ ಅಶ್ವತ್ಥಪ್ಪ ತಿರುಗಿ ಬೈಯಬಹುದಿತ್ತು. ಅದಕ್ಕೂ ದಾರಿ ಬಿಡಲಿಲ್ಲ.

"ಪೈಪು ಎತ್ತೋಕೆ ಒಬ್ರು ಕಡಿಮೆ ಇದಾರೆ. ಬಾ ಅಣ್ಣಾ" ಎಂದಳು.

ಊರೆಲ್ಲ ನೋಡುತ್ತಿರುವಾಗ ಅವನು ಹೋಗದಿರುವ ಹಾಗಿರಲಿಲ್ಲ. ಪೈಪಿಗೆ ಹೆಗಲು ಕೊಟ್ಟ. ಅವಳು ಕಟ್ಟೆಯ ಮೇಲೆ ನಿಂತು "ಎತ್ರಿ" ಎಂದಾಗ ಎತ್ತಿದ, "ನಿಲ್ಸಿ" ಎಂದಾಗ ನಿಲ್ಲಿಸಿದ. ಮಧ್ಯಾಹ್ನದ ಹೊತ್ತಿಗೆ ನೀರು ಬಂತು.

ಮೆಕ್ಯಾನಿಕ್ ಕೈ ತೊಳೆಯುತ್ತಾ, "ಇವರು ಯಾರಮ್ಮಾ? ಒಳ್ಳೆ ಆಳು" ಎಂದ.

"ನಮ್ಮ ಅಶ್ವತ್ಥಣ್ಣ. ಊರಲ್ಲಿ ಏನಾದ್ರೂ ಇವರನ್ನೇ ಕರೆಯೋದು."

ಆ ಮಾತನ್ನು ಕೇಳಲು ಅವನು ಕಾದಿದ್ದ. ಹೇಳಿದವಳು ಅವಳು.

ಮನೆಗೆ ಬಂದು ಹೆಂಚಿನ ಸಂದಿಯಿಂದ ಕಾರ್ಡನ್ನು ಎಳೆದ. ಮೂಲೆಯಲ್ಲಿ ದುಂಡನೆಯ ಗೆರೆಯೊಳಗೆ ಒಂದು ಎಂದು ಬರೆದಿತ್ತು. ಅದರಲ್ಲಿ ಅವನಿಗೆ ಓದಲು ಬಂದದ್ದು ಅದೊಂದೇ. ಒಲೆಗೆ ಹಾಕಿದ. ದೊಡ್ಡಗಂಗಮ್ಮ ಅದು ಉರಿದು ಮುಗಿಯುವವರೆಗೂ ನಿಂತು ನೋಡಿದಳು. ಆಮೇಲೆ ಬಿಂದಿಗೆ ಎತ್ತಿಕೊಂಡು ಬೋರಿಂಗಿಗೆ ಹೋದಳು.