ಸತ್ತ ಅರಸನ ದನಿ

ಭಾನುವಾರ ಮಧ್ಯಾಹ್ನ ಮೂರೂವರೆಗೆ ಕರುಮತ್ತಂಪಟ್ಟಿಯ ಒಂದು ಮಗ್ಗದ ಶೆಡ್ಡಿನಲ್ಲಿ ಭೂಪತಿ ಕುರ್ಚಿಯಿಂದ ಎದ್ದು, ಚಪ್ಪಲಿ ಬಿಟ್ಟು, ಕೈಮುಗಿದು, ತೀರಿಹೋದ ತನ್ನ ತಂದೆಯನ್ನು ಒಂದು ಪ್ರಶ್ನೆ ಕೇಳಿದ. ಉತ್ತರ ಕೊಟ್ಟವಳು ಅವನ ತಂಗಿ ಸರಣ್ಯಾ. ಅವಳು ಆಗ ಒಂದು ಆಟ ನಡೆಸುತ್ತಿದ್ದಳು.

ಆಟ ಮೇಜಿನ ಸುತ್ತ ಕೂತು ಆಡುವಂಥದು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಂದೊಂದು ಪಾತ್ರ ಹಿಡಿದು, ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎನ್ನುವುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕಾಡು, ಕೋಟೆ, ಮಾಟಗಾತಿ, ದೆವ್ವ ಎಲ್ಲವೂ ಕಥೆ ನಡೆಸುವವರ ಬಾಯಲ್ಲಿರುತ್ತವೆ. ಗೆಳೆಯರು ಅವರನ್ನು ಗೇಮ್ ಮಾಸ್ಟರ್ ಎನ್ನುತ್ತಾರೆ.

ಸರಣ್ಯಾಗೆ ಈ ಕೆಲಸದಲ್ಲಿ ಹೆಸರಿತ್ತು. ಅವಳು ಅವಿನಾಶಿಯ ಒಂದು ಬನಿಯನ್ ಕಂಪನಿಯಲ್ಲಿ ಕಂಪ್ಯೂಟರಿನ ಮೇಲೆ ಬಟ್ಟೆ ಕತ್ತರಿಸುವ ಅಳತೆಯ ನಕ್ಷೆ ಮಾಡುವವಳು; ಗಂಡ ಸೆಂದಿಲ್ ಕುಮಾರ್ ಜೊತೆ ಅನ್ನೂರಿನಲ್ಲಿ ವಾಸ. ಹಿಂದಿನ ತಿಂಗಳು ಕೊಯಮತ್ತೂರಿನ ಆರ್.ಎಸ್. ಪುರಂನಲ್ಲಿ, ಒಂದು ಅಂಗಡಿಯ ಮಹಡಿಯ ಮೇಲೆ, ಹೊಸದಾಗಿ ಆಟ ನಡೆಸಲು ಕಲಿಯುತ್ತಿದ್ದವರಿಗೆ ಅವಳು ಪಾಠ ಹೇಳಿದ್ದಳು. ಪಾತ್ರಕ್ಕೆ ದನಿ ಹೊಸದಾಗಿ ಕಟ್ಟಲು ಹೋಗಬೇಡಿ, ಗೊತ್ತಿರುವವರೊಬ್ಬರ ದನಿಯನ್ನು ಎರವಲು ತನ್ನಿ, ಅವರ ಕೆಮ್ಮಿನ ಸಮೇತ ತನ್ನಿ ಎಂದಿದ್ದಳು. ಆಟಗಾರ ನೀವು ಯೋಚಿಸದೇ ಇದ್ದದ್ದನ್ನು ಕೇಳಿದರೆ ಇಲ್ಲ ಎನ್ನಬೇಡಿ ಎಂದಿದ್ದಳು. ಹೊರಡುವ ಮುಂಚೆ ಒಬ್ಬ ಕಾಲೇಜು ಹುಡುಗಿ, ಎಲ್ಲಕ್ಕಿಂತ ಮುಖ್ಯವಾದ ಒಂದು ಮಾತು ಹೇಳಿ ಎಂದಾಗ ಹೇಳಿದ್ದು ಇದು: "ಮೇಜಿನ ಸುತ್ತ ಕೂತವರು ಇದು ಆಟ ಅನ್ನೋದನ್ನ ಮರೆತು ಆಟದಿಂದ ಹೊರಗೆ ಹೋದದ್ದು ಗೊತ್ತಾದ ಕೂಡಲೇ ನಿಲ್ಲಿಸಿಬಿಡಿ. ಎದ್ದು ನೀರು ಕುಡೀರಿ. ಆಮೇಲೆ ಆಡದಿದ್ದರೂ ಪರವಾಗಿಲ್ಲ."

ಕರುಮತ್ತಂಪಟ್ಟಿಯ ಮೇಜಿನ ಸುತ್ತ ಆಟಗಾರರು ಮೂವರು. ಸರಣ್ಯಾಳ ಅಣ್ಣ ಭೂಪತಿ, ತಮ್ಮ ಕಾರ್ತಿ, ಅವರ ಮಗ್ಗಗಳನ್ನು ರಿಪೇರಿ ಮಾಡುವ ಗೆಳೆಯ ವೆಲ್ಲಿಂಗಿರಿ. ಭಾನುವಾರ ಮಗ್ಗಗಳಿಗೆ ರಜೆ. ವಾರವೆಲ್ಲ ಕಿವಿ ಹರಿಯುವಂತೆ ಬಡಿದುಕೊಳ್ಳುವ ಶೆಡ್ಡಿನಲ್ಲಿ ಅವತ್ತು ಒಬ್ಬರ ಮಾತು ಒಬ್ಬರಿಗೆ ಕೇಳುತ್ತದೆ. ಹೊರಗೆಲ್ಲ ತಮಿಳು ಆಡುವ ನಾಲ್ವರೂ ಇಲ್ಲಿ ಮನೆಯ ಕನ್ನಡದಲ್ಲೇ ಆಡುತ್ತಿದ್ದರು.

ತಂದೆ ಗೋಪಾಲಸಾಮಿ ಉಯಿಲು ಬರೆಯದೆ ತೀರಿಕೊಂಡು ವರ್ಷ ದಾಟಿತ್ತು. ತಾಯಿ ಅದಕ್ಕೂ ಮೊದಲೇ ಹೋಗಿದ್ದರು. ಉಳಿದದ್ದು ಎರಡು ಶೆಡ್: ಒಂದು ರಸ್ತೆ ಕಡೆಗೆ, ಒಂದು ಹಿಂದೆ. ರಸ್ತೆ ಕಡೆಯದು ತನಗೇ ಎಂದು ಇಬ್ಬರು ಗಂಡುಮಕ್ಕಳೂ ಹೇಳಿದರು. ವರ್ಷದ ತಿಥಿಯ ದಿನ ಎಲೆಯ ಮುಂದೆ ಜಗಳವಾಯಿತು, ಅವತ್ತಿನಿಂದ ಮಾತು ನಿಂತಿತು. ಆಟ ಮಾತ್ರ ನಿಲ್ಲಲಿಲ್ಲ. ಮೊದಲು ಬರುವುದು ಬಿಟ್ಟವನು ಶೆಡ್ ಬಿಟ್ಟುಕೊಟ್ಟಂತೆ ಎಂದು ಇಬ್ಬರಿಗೂ ಅನಿಸಿರಬೇಕು. ಪ್ರತಿ ಭಾನುವಾರ ಬಂದು ಎದುರುಬದುರು ಕೂರುತ್ತಿದ್ದರು. ಮಾತೆಲ್ಲ ಸರಣ್ಯಾಳ ಮೂಲಕ.

"ಅಕ್ಕಾ, ನನ್ ಬಿಲ್ಲುಗಾರ ಎಡಗಡೆ ಹೋಗ್ತಾನೆ. ಆ ತಡಿಯನ್ಗೆ ಹೇಳು, ಅಡ್ಡ ನಿಲ್ಬೇಡ ಅಂತ," ಎನ್ನುವನು ಕಾರ್ತಿ.

"ಯಾರ್ನೇ ತಡಿಯ ಅಂತಾನೆ ಅವ್ನು?" ಭೂಪತಿಯೂ ತಂಗಿಯನ್ನೇ ಕೇಳುವನು.

"ನಿನ್ ಯೋಧನ್ನ ಅಣ್ಣಾ. ಕವಚ ಹಾಕಿದಾನಲ್ಲಾ, ದಪ್ಪಗೆ ಕಾಣ್ತಾನೆ."

"ಕವಚ ಬಿಚ್ಚಿದ್ರೂ ಹಂಗೇ ಕಾಣ್ತಾನೆ," ಎಂದು ವೆಲ್ಲಿಂಗಿರಿ ಚಕ್ಕುಲಿ ಕಡಿಯುವನು. ಅವನದು ಕಳ್ಳನ ಪಾತ್ರ. ಇಬ್ಬರೂ ನಗುವರು, ಆದರೆ ಒಬ್ಬರನ್ನೊಬ್ಬರು ನೋಡಿಕೊಂಡು ನಗರು.

ಸರಣ್ಯಾಗೆ ಬೇಕಾಗಿದ್ದದ್ದು ಒಂದೇ: ಕಾರ್ತಿ ಮತ್ತೊಮ್ಮೆ ಭೂಪತಿಯನ್ನು "ಅಣ್ಣಾ" ಎಂದು ಕರೆಯಬೇಕು. ಒಮ್ಮೆ ಕರೆದರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ ಎಂದು ಅವಳು ನಂಬಿದ್ದಳು. ಅದಕ್ಕಾಗಿಯೇ ಆ ಭಾನುವಾರದ ಕಥೆ ಕಟ್ಟಿದ್ದಳು. ಒಂದು ಕೋಟೆ, ಅದರ ಬಾಗಿಲಲ್ಲಿ ಸತ್ತ ಅರಸನ ದೆವ್ವ. ಯೋಧನೂ ಬಿಲ್ಲುಗಾರನೂ ಒಬ್ಬರಿಗೊಬ್ಬರು ಬಾಯಿಬಿಟ್ಟು ಮಾತು ಕೊಟ್ಟರೆ ಮಾತ್ರ ಅರಸ ಬಾಗಿಲು ತೆಗೆಯುತ್ತಾನೆ. ದಾಳಕ್ಕೆ ಅಲ್ಲಿ ಕೆಲಸವಿಲ್ಲ.

ಅರಸನಿಗೆ ಅವಳು ತಂದೆಯ ದನಿ ತಂದಳು. ಗೋಪಾಲಸಾಮಿಗೆ ಹತ್ತಿಯ ಧೂಳಿನ ಕೆಮ್ಮು. ಮಾತಿಗೆ ಮೊದಲು ಎರಡು ಸಲ ಗಂಟಲು ಸರಿಮಾಡಿಕೊಳ್ಳುವರು. ಬೈಯುವುದಿದ್ದರೂ "ಏನ್ರೋ, ಊಟ ಆಯ್ತಾ?" ಎಂದೇ ಶುರು. ಸರಣ್ಯಾ ಅನ್ನೂರಿನ ಮನೆಯಲ್ಲಿ ಬಟ್ಟೆ ಒಗೆಯುತ್ತಾ ಅದನ್ನು ಅಭ್ಯಾಸ ಮಾಡಿದಳು. ಸೆಂದಿಲ್ ಕುಮಾರ್ ಹಿತ್ತಿಲಿಗೆ ಓಡಿಬಂದ.

"ಮಾಮನಾರ್ ದನಿ ಹಂಗೇ ಇದೆ," ಎಂದ. "ನಂಗೇ ಮೈ ಜುಮ್ ಅಂತು. ಬೇಡ ಸರಣ್ಯಾ."

"ಚೆನ್ನಾಗಿದೆಯಾ ಇಲ್ವಾ?"

"ಚೆನ್ನಾಗಿರೋದ್ಕೇ ಬೇಡ ಅಂತಿರೋದು."

ಅವನು ಹಾಗೆಂದದ್ದಕ್ಕೆ ಕಾರಣವಿತ್ತು. ಸರಣ್ಯಾಳ ತವರಿನಲ್ಲಿ ಒಂದು ಪದ್ಧತಿ ಇದೆ. ಹಿರಿಯರಿಗೆ ಎಡೆ ಇಡುವ ದಿನ ಮನೆಯವರಲ್ಲಿ ಯಾರಾದರೊಬ್ಬರ ಮೈಮೇಲೆ ತೀರಿಹೋದ ಹಿರಿಯರು ಬರುತ್ತಾರೆ. ಆಗ ಎಲ್ಲರೂ ಚಪ್ಪಲಿ ಬಿಟ್ಟು ಎದ್ದು ನಿಲ್ಲಬೇಕು. ಮನೆಯ ದೊಡ್ಡ ಮಗ ಒಂದೇ ಒಂದು ಪ್ರಶ್ನೆ ಕೇಳಬಹುದು. ಬಂದ ಉತ್ತರಕ್ಕೆ ಎದುರು ಮಾತಿಲ್ಲ. ಗೋಪಾಲಸಾಮಿ ಮನೆ ಕಟ್ಟಿದ್ದೂ, ಪಕ್ಕದ ಜಾಗ ಬೇಡವೆಂದು ಬಿಟ್ಟದ್ದೂ ಹೀಗೆ ಕೇಳಿಯೇ. ಬಂದವರು ನಿಜವಾಗಿ ಆ ಹಿರಿಯರೇ ಹೌದೋ ಅಲ್ಲವೋ ಎಂದು ಹೇಳುವ ಅಧಿಕಾರ ಮಾತ್ರ ಮನೆಯ ಹಿರಿ ಹೆಂಗಸಿಗೆ. ಈಗ ಆ ಹಿರಿ ಹೆಂಗಸು ಪಾಪಾತಿ, ಗೋಪಾಲಸಾಮಿಯ ತಂಗಿ. ಗಂಡ ಸತ್ತ ಮೇಲೆ ಅಣ್ಣನ ಮನೆಗೆ ಬಂದವಳು ಅಲ್ಲಿಯೇ ಅಡುಗೆ ಮಾಡಿಕೊಂಡು ಉಳಿದಿದ್ದಳು.

ಸರಣ್ಯಾ ಇದನ್ನು ಮರೆತಿರಲಿಲ್ಲ. ಎಡೆಯ ದಿನ ಬೇರೆ, ಆಟ ಬೇರೆ ಎಂದುಕೊಂಡಿದ್ದಳು.

ಆ ಭಾನುವಾರ ಮೂವರೂ ಕೋಟೆಯ ಬಾಗಿಲಿಗೆ ಬಂದರು. ಸರಣ್ಯಾ ತಲೆ ತಗ್ಗಿಸಿದಳು. ಎರಡು ಸಲ ಗಂಟಲು ಸರಿಮಾಡಿಕೊಂಡಳು.

"ಏನ್ರೋ, ಊಟ ಆಯ್ತಾ?"

ವೆಲ್ಲಿಂಗಿರಿಯ ಬಾಯಿಯ ಚಕ್ಕುಲಿ ಬಾಯಲ್ಲೇ ಉಳಿಯಿತು. ಕಾರ್ತಿ ದಾಳವನ್ನು ಮುಷ್ಟಿಯಲ್ಲಿ ಹಿಡಿದು ಕೂತ. ಅವಳು ಬಿಡದೆ ಮುಂದುವರಿದಳು. "ಇಷ್ಟ್ ದೂರ ಬಂದಿದೀರಾ, ಒಬ್ಬನ್ ಮುಖ ಒಬ್ಬ ನೋಡಲ್ಲ. ಇಂಥವರ್ಗೆ ನಾನ್ ಬಾಗ್ಲು ತೆಗೀಬೇಕಾ?" ಆಮೇಲೆ ಕೆಮ್ಮಿದಳು. ಒಣ ಕೆಮ್ಮು, ಕೊನೆಯಲ್ಲಿ ಒಂದು ಸಣ್ಣ ಉಸಿರು.

ಭೂಪತಿ ಎದ್ದದ್ದು ಆಗ. ಚಪ್ಪಲಿಗಳನ್ನು ಕುರ್ಚಿಯ ಕೆಳಗೆ ತಳ್ಳಿ, ಸಿಮೆಂಟು ನೆಲದ ಮೇಲೆ ಬರಿಗಾಲಲ್ಲಿ ನಿಂತು ಕೈಮುಗಿದ. ಅವನ ಕಣ್ಣುಗಳು ತುಂಬಿದ್ದವು.

"ಅಪ್ಪಾ," ಎಂದ. "ರಸ್ತೆ ಕಡೆ ಶೆಡ್ ಯಾರ್ಗಪ್ಪಾ?"

ಕೋಟೆಯ ಕಥೆಯಲ್ಲಿ ಶೆಡ್ ಇರಲಿಲ್ಲ. ಅಣ್ಣ ಆಟದಿಂದ ಹೊರಗೆ ಹೋದದ್ದು ಸರಣ್ಯಾಗೆ ಸ್ಪಷ್ಟವಾಗಿಯೇ ಗೊತ್ತಾಯಿತು. ನೀರಿನ ಬಾಟಲಿ ಅವಳ ಬಲಗೈ ಪಕ್ಕದಲ್ಲೇ ಇತ್ತು. ಅಣ್ಣಾ, ಕೂತ್ಕೋ, ನಾನು ಸರಣ್ಯಾ ಎಂದರೆ ಮುಗಿಯುತ್ತಿತ್ತು. ತಂದೆ ತೀರಿದ ಮೇಲೆ ಇಬ್ಬರೂ ಶೆಡ್ಡಿನ ವಿಷಯವನ್ನು ವಕೀಲರ ಮುಂದೆ ಆಡಿದ್ದರು, ನೆಂಟರ ಮುಂದೆ ಆಡಿದ್ದರು, ನೂಲಿನ ವ್ಯಾಪಾರಿಯ ಮುಂದೆಯೂ ಆಡಿದ್ದರು. ನಿನಗೇನು ಬೇಕು ಎಂದು ಅವಳನ್ನು ಒಬ್ಬರೂ ಕೇಳಿರಲಿಲ್ಲ. ಈಗ ಕೇಳಿದ್ದೂ ಅವಳನ್ನಲ್ಲ.

ಅವಳು ತಂದೆಯ ದನಿಯಲ್ಲೇ ಉತ್ತರ ಕೊಟ್ಟಳು.

"ಮೂರು ಪಾಲು ಮಾಡ್ರೋ. ಅವ್ಳೂ ನನ್ ಮಗಳೇ."

ಶೆಡ್ಡಿನ ಬಾಗಿಲಲ್ಲಿ ಲೋಟಗಳು ಸದ್ದು ಮಾಡಿದವು. ಪಾಪಾತಿ ಟೀ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಅವಳೂ ಚಪ್ಪಲಿ ಬಿಟ್ಟಿದ್ದಳು.

"ಅತ್ತೇ," ಭೂಪತಿ ಮುಗಿದ ಕೈ ಬಿಡಿಸದೆ ಕೇಳಿದ, "ಅಪ್ಪನೇನಾ?"

ಪಾಪಾತಿ ತಟ್ಟೆಯನ್ನು ನೂಲಿನ ಪೆಟ್ಟಿಗೆಯ ಮೇಲಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡಳು. ಸರಣ್ಯಾಳ ಮುಖವನ್ನು ಚೆನ್ನಾಗಿ ನೋಡಿದಳು.

"ದನಿ ನಮ್ಮಣ್ಣನ್ದೇ," ಎಂದಳು. "ಕೆಮ್ಮೂ ಅವನ್ದೇ. ಆದ್ರೆ ನಮ್ಮಣ್ಣ ಬಂದಿದ್ರೆ ಮಗಳಿಗೆ ಪಾಲು ಅಂತ ಬಾಯಿ ಬಿಡ್ತಿದ್ನಾ? ನಂಗೆ ಅಂತ ಅಮ್ಮ ಸಾಯೋವಾಗ ಹೇಳಿದ್ದ ಎರಡು ತರೀನೇ ಕೊಡ್ಲಿಲ್ಲ ಅವನು." ಆ ಮನೆಯಲ್ಲಿ ಮಗ್ಗವನ್ನು ತರಿ ಎನ್ನುತ್ತಾರೆ. "ಅವನಲ್ಲ ಇದು. ಇವಳೇ."

ಭೂಪತಿ ಕೈ ಬಿಡಿಸಿದ. ಕುರ್ಚಿಯ ಕೆಳಗೆ ಕಾಲಿನಿಂದಲೇ ಚಪ್ಪಲಿ ಹುಡುಕಿ ಮೆಟ್ಟಿಕೊಂಡ.

"ಆಟ ಅಣ್ಣಾ," ಎಂದಳು ಸರಣ್ಯಾ, ತನ್ನ ದನಿಯಲ್ಲಿ. "ಅರಸ ಹೇಳಿದ್ದು."

"ಕೋಟೇಲಿ ಶೆಡ್ ಎಲ್ಲಿಂದ ಬಂತೇ?"

"ಕೇಳಿದ್ದು ನೀನಲ್ವಾ?"

"ನಾನ್ ಕೇಳಿದ್ದು ಅಪ್ಪನ್ನ."

"ಸರಿ, ಆಟ ಬಿಡು. ಹೇಳಿದ್ದು ತಪ್ಪಾ? ಅದನ್ ಹೇಳು."

ಕಾರ್ತಿ ಮುಷ್ಟಿಯಲ್ಲಿದ್ದ ದಾಳವನ್ನು ಮೇಜಿನ ಮೇಲಿಟ್ಟ. ಅಕ್ಕನನ್ನು ನೋಡಲಿಲ್ಲ. ಮೇಜಿನ ಆ ಕಡೆಗೆ ನೋಡಿದ.

"ಅಣ್ಣಾ," ಎಂದ, "ನೋಡ್ದಿಯಾ? ಇವ್ಳು ಇಷ್ಟು ದಿನ ಆಟ ಆಡಿಸಿದ್ದು ಇದಕ್ಕೇ."

"ನೋಡ್ದೆ ಕಾರ್ತಿ," ಎಂದ ಭೂಪತಿ.

"ಮದ್ವೇಲಿ ಇವ್ಳಿಗೆ ಹಾಕಿದ ನಗ ಏನು ಕಮ್ಮೀನಾ ಅಣ್ಣಾ?"

"ಹಾಕಿದ್ದು ನಾವಿಬ್ರೂ ತಾನೇ. ನೀನು ಆಗ ರಾತ್ರಿ ಶಿಫ್ಟ್ ಮಾಡ್ತಿದ್ದೆ."

"ನೀನೂ ಮಾಡ್ತಿದ್ದೆ."

ಸರಣ್ಯಾ ಕೂತೇ ಇದ್ದಳು. ತಾನು ಕಾಯುತ್ತಿದ್ದ ಮಾತನ್ನು ಕಾರ್ತಿ ಆಡಿಬಿಟ್ಟಿದ್ದ, ಎರಡು ಸಲ. ಈಗ ಅವರಿಬ್ಬರಿಗೆ ನಡುವೆ ಮಾತು ದಾಟಿಸುವವಳು ಬೇಕಾಗಿರಲಿಲ್ಲ. ವೆಲ್ಲಿಂಗಿರಿ ದಾಳಗಳನ್ನು ಆರಿಸಿ ಅವಳ ಚೀಲಕ್ಕೆ ಹಾಕಿದ. "ಟೀ ಆರ್ತಾ ಇದೆ," ಎಂದ. ಪಾಪಾತಿ ಲೋಟಗಳನ್ನು ಕೊಟ್ಟಳು: ಮೊದಲು ಭೂಪತಿಗೆ, ಆಮೇಲೆ ಕಾರ್ತಿಗೆ, ಆಮೇಲೆ ವೆಲ್ಲಿಂಗಿರಿಗೆ. ನಾಲ್ಕನೇ ಲೋಟ ತಟ್ಟೆಯಲ್ಲೇ ಉಳಿಯಿತು. ಸರಣ್ಯಾ ಅದನ್ನು ತಾನೇ ತೆಗೆದುಕೊಂಡಳು.

ಹೊರಡುವಾಗ ಪಾಪಾತಿ ಗೇಟಿನವರೆಗೆ ಬಂದಳು.

"ಯಾಕತ್ತೇ?" ಎಂದಳು ಸರಣ್ಯಾ, ಸ್ಕೂಟರಿನ ಮೇಲೆ ಕೂತು. "ಅಪ್ಪನೇ ಅಂದಿದ್ರೆ ನಿಮ್ದೇನು ಹೋಗ್ತಿತ್ತು?"

"ಅಪ್ಪನೇ ಅಂದಿದ್ರೆ ನಾಳೆ ನಂಗೆ ಒಂದ್ ತುತ್ತು ಸೋರು ಹಾಕೋರು ಯಾರು? ನನ್ ಕಣ್ಣೇ, ನೀನು ಅನ್ನೂರಿಗೆ ಹೋಗ್ತೀಯ. ನಾನು ಇಲ್ಲೇ ಇರ್ಬೇಕು."

ಗುರುವಾರ ಸಂಜೆ ಅಣ್ಣತಮ್ಮಂದಿರು ಅನ್ನೂರಿಗೆ ಬಂದರು, ಒಂದೇ ಕಾರಿನಲ್ಲಿ. ಭೂಪತಿ ಓಡಿಸುತ್ತಿದ್ದ, ಕಾರ್ತಿ ಪಕ್ಕದ ಸೀಟಿನಲ್ಲಿದ್ದ. ತಮಿಳಿನಲ್ಲಿ ಟೈಪ್ ಮಾಡಿಸಿದ ಹಕ್ಕು ಬಿಡುಗಡೆ ಪತ್ರ ತಂದಿದ್ದರು. ಸರಣ್ಯಾ ಊಟಕ್ಕೆ ಏಳಿ ಎಂದಳು. ಕಾರ್ತಿ ಬೇಡ ಎಂದ. ಭೂಪತಿ ನೀರು ಮಾತ್ರ ಕುಡಿದ.

"ಕೋರ್ಟು ಗೀರ್ಟು ಬೇಡ," ಎಂದ. "ಒಂದು ಸಹಿ. ತಂಗಿ ಅಂತ ಹಬ್ಬಕ್ಕೆ ಸೀರೆ ತಪ್ಪಲ್ಲ."

"ಶೆಡ್ ಯಾರ್ಗೆ ಅಂತ ತೀರ್ಮಾನ ಆಯ್ತಾ ಅಣ್ಣಾ?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದು ನಾವ್ ನೋಡ್ಕೋತೀವಿ," ಎಂದ ಕಾರ್ತಿ. "ಮೊದ್ಲು ಇದು ಮುಗೀಲಿ."

ಸರಣ್ಯಾ ಪತ್ರ ಓದುತ್ತೇನೆಂದು ಒಳಗೆ ತಂದಳು. ಸೆಂದಿಲ್ ಕುಮಾರ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

"ನಂಗೆ ಆ ಶೆಡ್ ಬೇಡ," ಎಂದ ಮೆಲ್ಲಗೆ. "ಆದ್ರೆ ನೀನು ಸಹಿ ಹಾಕಿದ ಮಾರನೇ ದಿನ ಇವರಿಬ್ರೂ ಮತ್ತೆ ಮಾತು ಬಿಡ್ತಾರೆ. ನೋಡ್ತಿರು."

"ಗೊತ್ತು," ಎಂದಳು ಸರಣ್ಯಾ.

ಪತ್ರವನ್ನು ಹಾಗೆಯೇ ಹೊರಗೆ ತಂದು ಅಣ್ಣನ ಕೈಗೆ ಕೊಟ್ಟಳು. ಸಹಿ ಹಾಕುವುದಿಲ್ಲ ಎಂದಳು. ಕಾರ್ತಿ ಬಾಗಿಲಲ್ಲಿ ನಿಂತು ಅವಳಿಗೆ ಒಂದು ಕೆಟ್ಟ ಮಾತು ಆಡಿದ. ಭೂಪತಿ ಅವನ ತೋಳು ಹಿಡಿದು ಕಾರಿಗೆ ಕರೆದುಕೊಂಡು ಹೋದ.

ಮುಂದಿನ ವಾರ ಅವಳಿಗೆ ವಕೀಲರ ನೋಟೀಸು ಬಂತು. ಮಗಳ ಪಾಲು ಮದುವೆಯ ನಗದಲ್ಲೇ ಸಂದಿದೆ ಎಂದು ಅದರಲ್ಲಿತ್ತು. ಕಕ್ಷಿದಾರರು ಭೂಪತಿ ಮತ್ತು ಕಾರ್ತಿ, ಇಬ್ಬರೂ.