ಮನೆಯಿಂದ ಒಂದಾಳು

ಹಕ್ಕಿಗೂಡು ಎಣಿಸುವ ಅಟ್ಟಣೆಯ ಏಣಿಯಿಂದ ಬಿದ್ದಿದ್ದಾರೆ ಎಂದು ಕೊಕ್ಕರೆ ಬೆಳ್ಳೂರಿನಿಂದ ಯಾರೋ ಫೋನ್ ಮಾಡಿದ್ದರು. ಬಿದ್ದದ್ದು ಪುಟ್ಟಸ್ವಾಮಿಯಲ್ಲ, ಅವರ ಹೆಂಡತಿ ಚಲುವಮ್ಮ ಎಂಬುದು ಮಂಡ್ಯದ ಆಸ್ಪತ್ರೆಗೆ ಹೋದ ಮೇಲೆ ತಿಳಿಯಿತು. ತೊಡೆಯ ಮೂಳೆ ಮುರಿದಿತ್ತು. ಮಂಚದ ಪಕ್ಕ ನಿಂತಿದ್ದ ಪುಟ್ಟಸ್ವಾಮಿಯವರ ಕಾಲಿನಲ್ಲಿ ಗದ್ದೆಯ ಕೆಸರು ಒಣಗಿತ್ತು.

"ಅಟ್ಟಣೆ ಮೇಲೆ ನೀವಿರಬೇಕಿತ್ತಲ್ಲ, ಪುಟ್ಟಸ್ವಾಮಣ್ಣ?"

"ಕಬ್ಬಿಗೆ ನೀರಿನ ಸರದಿ ಇತ್ತು ಕಣಮ್ಮ. ಅದ್ಕೆ ಇವ್ಳು ಓದ್ಲು. ನಮ್ಮನೆಯಿಂದ ಒಂದಾಳು ಓದ್ರೆ ಆಯ್ತಲ್ಲ."

"ನೋಡು ತಾಯಿ, ಇವ್ರ ಕೊಕ್ಕರೆ ಎಣ್ಸಾಕೋಗಿ ಡಾಕ್ಟ್ರು ನನ್ ಮೂಳೆ ಎಣ್ಸಂಗಾಯ್ತು," ಎಂದು ಚಲುವಮ್ಮ ಮಲಗಿದ್ದಲ್ಲಿಂದಲೇ ಹೇಳಿದರು.

ನೆದರ್ಲೆಂಡ್ಸಿನ ಒಂದು ಸಂಶೋಧನಾ ಸಂಸ್ಥೆ ಬೆಳ್ಳೂರಿನ ಕೊಕ್ಕರೆ ಗೂಡುಗಳನ್ನು ಎಣಿಸಲು ಪುಟ್ಟಸ್ವಾಮಿಯವರನ್ನು ನೇಮಿಸಿಕೊಂಡಿತ್ತು. ಪ್ರಾಣಿಶಾಸ್ತ್ರ ಓದಿ ಮಳವಳ್ಳಿಯಿಂದ ಬಂದ ನಾನು ಆ ಎಣಿಕೆಯ ಮೇಲ್ವಿಚಾರಕಿ. ಆ ಸಂಸ್ಥೆಗೆ ಭಾರತದಲ್ಲಿ ಕಚೇರಿಯಿಲ್ಲ. ಹಾಗಾಗಿ ಇಲ್ಲಿನ ಕಾನೂನಿನಂತೆ ಸಂಬಳ, ಪಿಎಫ್, ವಿಮೆ, ರಜೆ ಎಲ್ಲವನ್ನೂ ಬೆಂಗಳೂರಿನ ಒಂದು ಮಧ್ಯವರ್ತಿ ಕಂಪನಿ ನೋಡಿಕೊಳ್ಳುತ್ತದೆ. ಕಾಗದದ ಮೇಲೆ ಪುಟ್ಟಸ್ವಾಮಿ ಆ ಕಂಪನಿಯ ನೌಕರರು. ಅವರು ಫೋನಿನಿಂದ ಕಳಿಸುವ ಎಣಿಕೆಯೇ ಹಾಜರಿ.

ಯಾರ ಹೆಸರಿಗೆ ಸಂಬಳವೋ ಅವರೊಬ್ಬರೇ ಕೆಲಸ ಮಾಡಬೇಕು ಎಂಬ ಷರತ್ತನ್ನು ನಾನೇ ಓದಿ ಹೇಳಿದ್ದೆ. ಅವರು ತಲೆಯಾಡಿಸಿದ್ದರು. ಆದರೆ ನಾಟಿಗೂ ಕಟಾವಿಗೂ ಮುಯ್ಯಾಳಾಗಿ ಒಬ್ಬರ ಗದ್ದೆಗೆ ಇನ್ನೊಬ್ಬರು ಹೋಗುವ ಊರು ಅದು. ಅಲ್ಲಿ ತಿರುಗಿ ಬರಬೇಕಾದದ್ದು ಆ ಮನೆಯಿಂದ ಒಂದಾಳು, ಇಂಥವರೇ ಎಂದೇನಿಲ್ಲ.

ವರಾಂಡಕ್ಕೆ ಬಂದು ಮಧ್ಯವರ್ತಿ ಕಂಪನಿಯ ದೀಪಿಕಾಗೆ ಫೋನ್ ಮಾಡಿ ಆದದ್ದನ್ನು ಹೇಳಿದೆ. ಪುಟ್ಟಸ್ವಾಮಿ ಹಿಂದೆಯೇ ಬಂದರು.

"ಅಪಘಾತ ವಿಮೆ ನೌಕರರಿಗೆ ಮಾತ್ರ, ಮೇಡಂ. ಅವರ ಹೆಂಡತಿಗೆ ಬರಲ್ಲ," ಎಂದಳು ದೀಪಿಕಾ. "ಮನೆಯವರೆಲ್ಲ ಆಗಾಗ ಕೆಲಸ ಮಾಡ್ತಿದ್ರು ಅಂತಾದ್ರೆ, ನೋಂದಣಿ ಇಲ್ಲದ ನೌಕರರನ್ನ ಇಟ್ಕೊಂಡ ಹಾಗೆ. ಆಗ ಇವರ ಕೆಲಸವನ್ನೂ ನಿಲ್ಲಿಸಲೇಬೇಕಾಗುತ್ತೆ. ಇದೊಂದೇ ಸಲ ಆಗಿದ್ರೆ ಎಚ್ಚರಿಕೆ ಪತ್ರ ಕೊಟ್ಟು ಮುಗಿಸ್ತೀನಿ. ಇದೊಂದೇ ಸಲ ತಾನೆ?"

ಚಲುವಮ್ಮ ತಿಂಗಳುಗಟ್ಟಲೆ ಏಳುವಂತಿರಲಿಲ್ಲ. ಕಾರ್ಖಾನೆಯಿಂದ ಕಬ್ಬಿನ ಹಣ ಬರುವವರೆಗೆ ಆ ಮನೆಗಿದ್ದದ್ದು ಈ ಸಂಬಳವೊಂದೇ.

"ಇದೊಂದೇ ಸಲ," ಎಂದೆ. ಪುಟ್ಟಸ್ವಾಮಿಯವರನ್ನು ಕೇಳಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

"ಅವರು ನಿಮ್ಮ ಜೊತೆ ಇದ್ದಾರಾ?"

"ಎದುರಿಗೇ ಇದ್ದಾರೆ."

ಆ ಕಡೆ ಟೈಪ್ ಮಾಡುವ ಸದ್ದು ಕೇಳುತ್ತಿತ್ತು. ನನ್ನ ಫೋನು ಕಿವಿಯ ಬಳಿ ಒಮ್ಮೆ ನಡುಗಿತು. ಟೈಪ್ ಮಾಡುವ ಸದ್ದು ನಿಂತಿತು.

"ಮೇಡಂ, ಪುಟ್ಟಸ್ವಾಮಿಯವರ ಹಾಜರಿ ಈಗ ತಾನೇ ಬಂತು. ಬೆಳ್ಳೂರಿಂದ ಅಂತ ತೋರಿಸ್ತಿದೆ."

ನಾನು ಅವರ ಅಂಗಿಯ ಜೇಬು ನೋಡಿದೆ. ಅದರಲ್ಲಿ ಫೋನಿರಲಿಲ್ಲ.

"ಲೆಕ್ಕ ಬಂತಾ?" ಎಂದರು ಪುಟ್ಟಸ್ವಾಮಿ, ಗದ್ದೆಯ ಆಚೆ ಬದುವಿಗೆ ಕೂಗಿ ಮಾತಾಡಿ ಅಭ್ಯಾಸವಾದ ಗಂಟಲಿನಲ್ಲಿ. "ನಮ್ ತಮ್ಮನ ಎಂಡ್ರು ರೂಪಂಗೆ ಪೋನ್ ಕೊಟ್ಟು ಕಳ್ಸಿವ್ನಿ. ಮನೇಲಿ ಇಂಗಾಯ್ತು ಅಂತ ನಿಮ್ ಕೆಲ್ಸ ನಿಲ್ಸಾಕಾಯ್ತದಾ? ಅವ್ಳಿಗೂ ರೂಢಿ ಅದೆ ಬುಡಿ."

ನಾನು ಫೋನಿನ ಮೇಲೆ ಕೈ ಮುಚ್ಚಿದೆ. ಅಷ್ಟರಲ್ಲಿ ತಡವಾಗಿತ್ತು.

"ಕೇಳಿಸ್ತು, ಮೇಡಂ," ಎಂದಳು ದೀಪಿಕಾ, ತಗ್ಗಿದ ದನಿಯಲ್ಲಿ. "ನೀವು ಹೇಳಿದ್ದನ್ನ ಇನ್ನು ನಾನು ಬರೆಯೋ ಹಾಗಿಲ್ಲ. ಕ್ಷಮಿಸಿ."

ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಯಾವ ಕಾರಣವೂ ಸಿಗಲಿಲ್ಲ. ಪುಟ್ಟಸ್ವಾಮಿಯವರ ಮೇಲೂ. ಫೋನು ಇಳಿಸಿದೆ.

ಪುಟ್ಟಸ್ವಾಮಿ ನನ್ನ ಮುಖವನ್ನೇ ನೋಡುತ್ತಿದ್ದರು.

"ಯಾಕಮ್ಮ, ರೂಪ ಎಣ್ಸಿದ್ದು ತಪ್ಪಾಯ್ತಾ? ತಪ್ಪಾದ್ರೆ ಬುಡಮ್ಮ, ಸಂಜೆಗೆ ನಮ್ ತಮ್ಮನ್ನೇ ಕಳುಸ್ತೀನಿ."